ಮಳೆಯ ನೀರು, ಬಚ್ಚಲ ನೀರು

(ಶ್ರೀಮಠದ ಸುವರ್ಣ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಷಟ್‌ಸ್ಥಲವನ್ನೂ ಅಷ್ಟಾವರಣವನ್ನೂ ಕುರಿತು ಅಧಿಕಾರವಾಣಿಯಿಂದ ನುಡಿಯಬಲ್ಲ ವಿದ್ವಾಂಸರು ಈ ವೇದಿಕೆಯ ಮೇಲೆ ಬಹುಮಂದಿ ಇರುವಾಗ, ಮೂವತ್ತು ವರ್ಷಗಳಿಗಿಂತ ಹೆಚ್ಚಾಗಿ ಸಣ್ಣ ಸಣ್ಣ ಪಟ್ಟಣಗಳ ನಲ್ಲಿ ಚರಂಡಿಗಳನ್ನು ನೋಡಿಕೊಂಡು ಬಂದ ನನ್ನಂಥವನು ಏನನ್ನು ಹೇಳಬೇಕೆಂದು ಸನ್ನಿಧಿಯಲ್ಲಿ ಅರಿಕೆ ಮಾಡಿಕೊಂಡೆನು. "ನಿಮಗೆ ಗೊತ್ತಿರುವುದನ್ನೇ ಹೇಳಿರಿ" ಎಂದು ಅಪ್ಪಣೆಯಾಯಿತು. ಆದುದರಿಂದ ಈ ದಿವಸ ಚರಂಡಿಯ ವಿಚಾರವನ್ನೇ ಹೇಳುವೆನು. ಸಭೆಯ ಗಾಂಭೀರ್ಯಕ್ಕೆ ಇದು ಒಪ್ಪದೆಂದು ಯಾರಿಗಾದರೂ ತೋರಿದರೆ, ಸೊನ್ನಲಿಗೆಯ ಸಿದ್ಧರಾಮಯ್ಯನವರನ್ನು ನೆನೆದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಅಲ್ಲಮಪ್ರಭುದೇವರು ಆ ಮಹಾನುಭಾವರನ್ನು ಕಾಣಲು ಹೋದಾಗ ಅವರು ಕೆರೆಯನ್ನು ಕಟ್ಟಿಸುತ್ತಿದ್ದರು. ಸುತ್ತಲೂ ಮಣ್ಣು ಹೊರುವ ಒಡ್ಡರಿದ್ದರು. ಕೆರೆಯನ್ನು ಕಟ್ಟಿದೆನೆಂಬ ಅಭಿಮಾನವನ್ನು ಪ್ರಭುದೇವರು ಹರಿದರೇ ಹೊರತು ಕೆರೆಯನ್ನು ಒಡೆಸಲಿಲ್ಲ. ಸೊಲ್ಲಾಪುರದಲ್ಲಿ ಆ ಕೆರೆಯ ನಡುವೆ ಸಿದ್ಧೇಶ್ವರರ ಗುಡಿಯು ಇಂದಿಗೂ ನಿಂತಿರುವುದನ್ನು ನಿಮ್ಮಲ್ಲಿ ಅನೇಕರು ಕಂಡಿರುವಿರಿ.

ಒಂದು ಪಟ್ಟಣಕ್ಕೆ ಎರಡು ಬಗೆಯ ನೀರುಗಳಿರುವುವು. ಆಕಾಶದಿಂದ ಬಂದು ಬೀದಿಯ ಮೇಲೆ ಹರಿಯುವುದು ಒಂದು. ಮನೆಗಳಿಂದ ಹೊರಬೀಳುವುದು ಇನ್ನೊಂದು. ಮೊದಲನೆಯದು ವರ್ಷದಲ್ಲಿ ಕೆಲವು ದಿನ ಮಾತ್ರ ಬಂದು, ಬಂದಾಗ ಆನೆಯಂತೆ ಬರುವುದು. ಎರಡನೆಯದು ದಿನವೂ ಇಷ್ಟಿಷ್ಟೇ ಬರುವುದು, ಆದರೆ ಮಲಿನವಾದುದು. ಇವೆರಡನ್ನೂ ಬೇರೆ ಬೇರೆಯಾಗಿ ಇಟ್ಟರೆ ಎರಡನ್ನೂ ಪಳಗಿಸಬಹುದು. ಒಂದೇ ಕಾಲುವೆಯಲ್ಲಿ ಕೂಡಿಸಿದರೆ, ಮಳೆಯ ನೀರು ಕೊಚ್ಚೆಯನ್ನು ಊರ ತುಂಬ ಹರಡುವುದು, ಕೊಚ್ಚೆಯು ಮಳೆಯ ನೀರನ್ನು ಕೆಡಿಸುವುದು. ನಮ್ಮ ಸಣ್ಣ ಪಟ್ಟಣಗಳ ಜಲಸಂಕಟವು ಬಹುಮಟ್ಟಿಗೆ ಈ ಕೂಡಾವಳಿಯಿಂದಲೇ ಹುಟ್ಟಿದುದೆಂದು ನನ್ನ ಅನುಭವವು ಹೇಳುತ್ತದೆ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಈ ಮಠದ ಭಕ್ತರಲ್ಲಿ ಹೆಚ್ಚಿನವರು ದುರ್ಗದ ಸೀಮೆಯವರು. ಚಿತ್ರದುರ್ಗಕ್ಕೆ ಹೋಗಿ ಕೋಟೆಯನ್ನು ಹತ್ತದವರು ಯಾರೂ ಇರಲಾರರು. ಹತ್ತಿದವರೆಲ್ಲರೂ ಏಳು ಸುತ್ತಿನ ಗೋಡೆಗಳನ್ನು ನೋಡುವರು, ಬುರುಜುಗಳನ್ನು ಎಣಿಸುವರು, ಓಬವ್ವನ ಕಿಂಡಿಯ ಬಳಿ ನಿಂತು ಮೈನವಿರೇಳಿಸಿಕೊಳ್ಳುವರು. ಆ ವೀರಮಾತೆಯು ಶತ್ರುಗಳನ್ನು ಕಂಡುದು ಗಂಡನಿಗೆ ಕುಡಿಯುವ ನೀರನ್ನು ತರಲು ಹೋದಾಗ ಎಂಬುದನ್ನು ಮಾತ್ರ ಮರೆತುಬಿಡುವರು. ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ, ಕಲ್ಲುಬೆಟ್ಟದ ತುದಿಯಲ್ಲಿ, ಕಾವಲುಗಾರನ ಹೆಂಡತಿಗೆ ನಾಲ್ಕು ಹೆಜ್ಜೆಯ ದೂರದಲ್ಲಿ ನೀರು ಸಿಕ್ಕುತ್ತಿತ್ತೆಂಬುದು ಸಾಮಾನ್ಯ ಸಂಗತಿಯಲ್ಲ.

ಆ ನೀರು ಎಲ್ಲಿಂದ ಬಂದಿತು? ಬೆಟ್ಟದಲ್ಲಿ ನದಿಯಿಲ್ಲ. ಈ ಸೀಮೆಗೆ ಬೀಳುವ ಮಳೆಯು ವರ್ಷಕ್ಕೆ ಸುಮಾರು 25 ಅಂಗುಲ. ಅದರಲ್ಲಿಯೂ ದೊಡ್ಡ ಪಾಲು ಹಿಂಗಾರಿನ ಹೊತ್ತಿಗೆ, ಉತ್ತರೆ ಹಸ್ತ ಚಿತ್ತೆಯರ ಕಾಲದಲ್ಲಿ, ಕೆಲವೇ ದಿನಗಳಲ್ಲಿ ಸುರಿದು ಹೋಗುವಂಥದು. ಆದರೆ ಒಂದು ಎಕರೆ ಬಂಡೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೆ ಮೇಲಾಗುವುದು. ಬಂಡೆಯು ಕುಡಿಯುವುದಿಲ್ಲ, ಬಿದ್ದುದನ್ನೆಲ್ಲ ಕೆಳಕ್ಕೆ ಬಿಡುವುದು. ಕೋಟೆಯನ್ನು ಕಟ್ಟಿದವರು ಇದನ್ನು ಬಲ್ಲವರಾಗಿದ್ದರು. ಮೇಲಿನ ನೀರು ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುವುದು. ಅದು ತುಂಬಿ ಹರಿದರೆ ಅಕ್ಕ-ತಂಗಿಯರ ಹೊಂಡ. ಅಲ್ಲಿಂದ ಬೆಟ್ಟದ ಬುಡಕ್ಕೆ ಇಳಿದರೆ ಸಿಹಿನೀರು ಹೊಂಡ. ಅದೂ ತುಂಬಿದ ಮೇಲೆ ಪೇಟೆಯ ಸಂತೆ ಹೊಂಡ. ಹೀಗೆ ಒಂದರ ಕೋಡಿಯು ಇನ್ನೊಂದರ ಬಾಯಾಗಿ, ಬೆಟ್ಟದಿಂದ ಊರಿನ ತನಕ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು.

ಇದರಲ್ಲಿ ಎರಡು ಕೆಲಸಗಳು ಒಟ್ಟಿಗೆ ಆಗುತ್ತಿದ್ದುವೆಂಬುದನ್ನು ಇಂಜಿನಿಯರನ ಕಣ್ಣು ಗುರುತಿಸುವುದು. ಓಡುವ ನೀರು ಪ್ರತಿಯೊಂದು ಹೊಂಡದಲ್ಲಿಯೂ ನಿಂತು ದಣಿವಾರಿಸಿಕೊಳ್ಳುವುದರಿಂದ ಕೆಳಗಿನ ಊರಿನ ಮೇಲೆ ಒಮ್ಮೆಗೇ ಬೀಳುವುದಿಲ್ಲ. ನಿಂತ ನೀರಿನಲ್ಲಿ ಮರಳೂ ಮಣ್ಣೂ ತಳಕ್ಕೆ ಇಳಿಯುವುದರಿಂದ ಮುಂದಿನ ಹೊಂಡಕ್ಕೆ ತಿಳಿಯಾದ ನೀರೇ ಹೋಗುವುದು. ಮೂರನೆಯ ಮೆಟ್ಟಿಲಿನ ಹೊಂಡಕ್ಕೆ 'ಸಿಹಿನೀರು' ಎಂಬ ಹೆಸರು ಬಂದುದಕ್ಕೆ ಇದೂ ಕಾರಣವಾಗಿರಬಹುದೆಂದು ನನ್ನ ಊಹೆ. ಇಂದು ಪರದೇಶಗಳ ನಗರಗಳಲ್ಲಿ ಮಳೆನೀರನ್ನು ಬಿದ್ದಲ್ಲಿಯೇ ತಡೆದು, ನಿಲ್ಲಿಸಿ, ತಿಳಿಮಾಡಿ ಬಿಡಬೇಕೆಂದು ದೊಡ್ಡ ಗ್ರಂಥಗಳನ್ನು ಬರೆಯುತ್ತಿರುವರು. ದುರ್ಗದ ಪಾಳೆಯಗಾರರ ಕಾಲದ ಕಲ್ಲುಕುಟಿಗರು ಅದನ್ನು ಬರೆಯದೆಯೇ ಮಾಡಿದ್ದರು.

ಇನ್ನೂ ಹಿಂದಕ್ಕೆ ಹೋಗಬಹುದು. ಅದೇ ಊರಿನ ಮಗ್ಗುಲಲ್ಲಿರುವ ಚಂದ್ರವಳ್ಳಿಯಲ್ಲಿ, ಭೈರವೇಶ್ವರನ ಗುಡಿಯ ಬಳಿಯ ಬಂಡೆಯ ಮೇಲೆ, ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನ ಪ್ರಾಕೃತ ಶಾಸನವೊಂದಿದೆ, ಡಾ. ಎಂ. ಎಚ್. ಕೃಷ್ಣ ಅವರು ಅದನ್ನು 1929ರ ಮೈಸೂರು ಪುರಾತತ್ತ್ವ ವರದಿಯಲ್ಲಿ ಬೆಳಕಿಗೆ ತಂದರು. ನಾಲ್ಕನೆಯ ಶತಮಾನದ ಆ ಬರಹವು ಅರಸನ ವಿಜಯಗಳನ್ನು ಹೇಳುವುದಷ್ಟೇ ಅಲ್ಲದೆ, ಅವನು ಮಾಡಿಸಿದ ಒಂದು ತಟಾಕದ ಮಾತನ್ನೂ ಹೇಳುವುದು. ಕನ್ನಡನಾಡಿನ ಮೊದಲ ದೊರೆಯೊಬ್ಬನು ಬಂಡೆಯ ಮೇಲೆ ತನ್ನ ಹೆಸರನ್ನು ಕೆರೆಯೊಡನೆ ಕೂಡಿಸಿ ಬರೆಯಿಸಿದನೆಂದರೆ, ಈ ಒಣಸೀಮೆಯಲ್ಲಿ ಅರಸುತನವೆಂದರೆ ಏನೆಂಬುದನ್ನು ಅವನು ತಿಳಿದಿದ್ದನೆಂದೇ ಹೇಳಬೇಕು.

ಈಗಿನ ಸ್ಥಿತಿಯನ್ನು ನೋಡೋಣ. ಬೆಟ್ಟದ ಮೇಲಿನ ಹೊಂಡಗಳಿಗೆ ಮಳೆ ಬಂದರೆ ಈಗಲೂ ತಿಳಿನೀರೇ ಬರುತ್ತದೆ. ಊರೊಳಕ್ಕೆ ಇಳಿದ ಕೂಡಲೇ ಕಥೆಯು ಬೇರೆಯಾಗುವುದು. ಸಂತೆ ಹೊಂಡಕ್ಕೆ ಪೇಟೆಯ ಕಸವೂ ಕೊಳಕು ನೀರೂ ಸೇರಿದ್ದುಂಟು. ಅದರಾಚೆಗೆ ತಗ್ಗಿನಲ್ಲಿರುವ ಮಲ್ಲಾಪುರದ ಕೆರೆಗೆ ನಗರದ ಚರಂಡಿಗಳ ನೀರು ಹೋಗಿ ಬೀಳುತ್ತದೆ. ಸುಮಾರು ಒಂದೂವರೆ ಲಕ್ಷ ಜನರ ಈ ಪಟ್ಟಣವಾದರೋ ಕುಡಿಯುವ ನೀರಿಗಾಗಿ ಚನ್ನಗಿರಿ ಸೀಮೆಯ ಶಾಂತಿಸಾಗರದ ಕಡೆಗೂ, ಹಿರಿಯೂರು ಸೀಮೆಯ ವಾಣಿವಿಲಾಸ ಸಾಗರದ ಕಡೆಗೂ ಕೈಚಾಚಿರುವುದು. ವಾಣಿವಿಲಾಸ ಸಾಗರವೇನು ಸದಾ ತುಂಬಿರುವುದೆ? 1907ರಲ್ಲಿ ಮುಗಿದ ಆ ಕಟ್ಟೆಯು 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ನಡುವೆ 89 ವರ್ಷ. ಕೊಳವೆಬಾವಿಗಳನ್ನು ತೋಡಿಸೋಣವೆಂದರೆ ಈ ಜಿಲ್ಲೆಯ ಆಳದ ನೀರಿನಲ್ಲಿ ಫ್ಲೋರೈಡು ಎಂಬ ಲವಣವು ಅನೇಕ ಕಡೆ ಮಿತಿಮೀರಿರುವುದು. ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚಾದರೆ ಹಲ್ಲು ಕಂದುಗಟ್ಟುವುದು. ಬಹಳ ಹೆಚ್ಚಾದರೆ ಮೂಳೆಯೇ ಬಾಗುವುದು. ಮಳೆಯ ನೀರಿನಲ್ಲಿ ಆ ದೋಷವಿಲ್ಲ. ದೋಷವಿಲ್ಲದ ನೀರನ್ನು ಚರಂಡಿಗೆ ಬಿಟ್ಟು, ದೋಷವಿರುವುದನ್ನು ಪಾತಾಳದಿಂದ ಎತ್ತುವುದು ಎಂಥ ವ್ಯವಹಾರವೆಂಬುದನ್ನು ಇಲ್ಲಿರುವ ವರ್ತಕರೇ ಹೇಳಲಿ.

ಅನ್ಯರನ್ನು ದೂರುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯವು. ಬಯಲುಸೀಮೆಯ ಒಂದು ಊರಿನಲ್ಲಿ (ಹೆಸರು ಬೇಡ) ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆನು. ಊರ ನಡುವೆ ಒಂದು ಹಳ್ಳವು ಡೊಂಕುಡೊಂಕಾಗಿ ಹರಿಯುತ್ತಿತ್ತು. ದಡದಲ್ಲಿ ಹೊಂಗೆ ಮರಗಳು, ನಡುವೆ ಒಂದು ಹಳೆಯ ಕಟ್ಟೆ, ಅದರ ಹಿಂದೆ ಜೊಂಡು ಬೆಳೆದ ಗುಂಡಿ. ನಾನು ನಕ್ಷೆಯ ಮೇಲೆ ಒಂದು ಗೆರೆಯನ್ನು ಎಳೆದು ಹಳ್ಳವನ್ನು ನೆಟ್ಟಗೆ ಮಾಡಿಸಿದೆನು. ಎರಡು ಕಡೆಯೂ ಸಿಮೆಂಟಿನ ಗೋಡೆ, ತಳಕ್ಕೂ ಸಿಮೆಂಟು. ಗುಂಡಿಯನ್ನು ಮುಚ್ಚಿಸಿ ಅಂಗಡಿಗಳಿಗೆ ಜಾಗ ಕೊಟ್ಟೆವು. ಆ ಊರಿನ ಕೆರೆಯ ನೀರುಗಂಟಿಯಾಗಿದ್ದ ಮುದುಕನೊಬ್ಬನು ಬಂದು ಕೈಕಟ್ಟಿಕೊಂಡು, "ನೀರು ನಡ್ಕಂಡು ಹೋಗೋದ ನೀವು ಓಡೋಕೆ ಹಚ್ತಾ ಇದ್ದೀರಿ ಸ್ವಾಮಿ. ಓಡಿದ್ದು ಕೆಳಗಲ ಕೇರ್ಯಾಗೆ ಹೋಗಿ ಕುಂತ್ಕಂತೈತೆ" ಎಂದನು. ನಾನು ನಕ್ಕೆನೋ, ಗದರಿದೆನೋ ಈಗ ನೆನಪಿಲ್ಲ. ಎರಡೂ ಮಾಡಿರಬೇಕು.

ಎರಡನೆಯ ವರ್ಷ ಹಸ್ತಾ ಮಳೆಯು ಒಂದೇ ರಾತ್ರಿ ಹುಯ್ದಿತು. ಹಿಂದೆ ಎರಡು ಮೂರು ತಾಸು ಹಿಡಿಯುತ್ತಿದ್ದ ನೀರು ಅರ್ಧ ತಾಸಿನಲ್ಲಿ ಕೆಳಗಿನ ಕೇರಿಗೆ ಮುಟ್ಟಿ ಸೊಂಟದ ಮಟ್ಟ ನಿಂತಿತು. ಬೆಳಗ್ಗೆ ನಾನು ಹೋಗಿ ನೋಡಿದಾಗ ಒಬ್ಬ ಮುದುಕಿಯು ರಾಗಿ ತುಂಬಿದ್ದ ವಾಡೆಯನ್ನು ತಬ್ಬಿಕೊಂಡು ಕುಳಿತಿದ್ದಳು. ವಾಡೆಯ ತಳವು ಕರಗಿ ರಾಗಿಯು ಕೊಚ್ಚೆಯಲ್ಲಿ ಕಲೆತಿತ್ತು. ಆಕೆ ನನ್ನನ್ನು ಬಯ್ಯಲಿಲ್ಲ. ಚರಂಡಿಯನ್ನು ಮಾಡಿಸಿದವನು ನಾನೆಂದು ಆಕೆಗೆ ತಿಳಿದೇ ಇರಲಿಲ್ಲ.

ಅದಕ್ಕಿಂತಲೂ ದೊಡ್ಡ ತಪ್ಪು ಆ ಮೇಲೆ ನಡೆಯಿತು. ಸಿಮೆಂಟಿನ ಕಾಲುವೆಯು ಅಂದವಾಗಿದ್ದುದನ್ನು ನೋಡಿ ದಡದ ಮನೆಗಳವರು ತಮ್ಮ ಬಚ್ಚಲ ಕೊಳವೆಗಳನ್ನು ಅದಕ್ಕೆ ಬಿಡಲು ಅನುಮತಿ ಕೇಳಿದರು. ಒಳಚರಂಡಿಯು ಬರುವ ತನಕ 'ತಾತ್ಕಾಲಿಕವಾಗಿ' ಎಂದು ಬರೆದು ಒಪ್ಪಿಗೆ ಕೊಟ್ಟವನು ನಾನೇ. ಮೊದಲು ಬಚ್ಚಲು, ಅನಂತರ ಕಕ್ಕಸು. ಐದು ವರ್ಷಗಳಲ್ಲಿ ಮಳೆಯ ಕಾಲುವೆಯು ಮಲದ ಕಾಲುವೆಯಾಯಿತು. ಸರ್ಕಾರದ ಕಾಗದದಲ್ಲಿ 'ತಾತ್ಕಾಲಿಕ' ಎಂಬ ಮಾತಿಗಿಂತ ಚಿರಂಜೀವಿಯಾದುದನ್ನು ನಾನು ಕಂಡಿಲ್ಲ.

ಇದರ ಪರಿಣಾಮವು ಕೆರೆಯಲ್ಲಿ ಹೇಗೆ ಕಾಣುವುದೆಂಬುದನ್ನು ತಾಯಂದಿರಿಗೂ ತಿಳಿಯುವಂತೆ ಹೇಳುವೆನು. ನೀರಿನಲ್ಲಿ ಪ್ರಾಣವಾಯುವು ಸ್ವಲ್ಪ ಕರಗಿರುವುದು. ಮೀನು ಬದುಕುವುದು ಅದರಿಂದ. ಮಲ, ಎಂಜಲು, ಕೊಳೆತ ಎಲೆ ಇವು ನೀರಿಗೆ ಬಿದ್ದರೆ, ಅವುಗಳನ್ನು ತಿಂದು ಬೆಳೆಯುವ ಸೂಕ್ಷ್ಮಜೀವಿಗಳು ಆ ಪ್ರಾಣವಾಯುವನ್ನು ಮುಗಿಸಿಬಿಡುವುವು. ಮೀನು ಸತ್ತು ತೇಲುವುದು, ನೀರು ಕಪ್ಪಾಗಿ ನಾರುವುದು. ಸಾಬೂನಿನ ಪುಡಿಗಳಲ್ಲಿಯೂ ಮಲದಲ್ಲಿಯೂ ಇರುವ ಲವಣಗಳು ಪಾಚಿಗೂ ಜೊಂಡಿಗೂ ಗೊಬ್ಬರವಾಗಿ ಕೆರೆಯ ಮುಖವೇ ಮುಚ್ಚಿಹೋಗುವುದು. ನೋಡುವವರು 'ಕೆರೆಯು ಹಸುರಾಗಿದೆ' ಎನ್ನುವರು! ನಮ್ಮ ಹಿರಿಯರು ಬೇಸಗೆಯಲ್ಲಿ ಕೆರೆಯ ಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಯ ಹೂಳು ಹೋಗುತ್ತಿತ್ತು, ಹೊಲಕ್ಕೆ ಸಾರ ಬರುತ್ತಿತ್ತು. ಪಟ್ಟಣದ ಕೆರೆಗಳ ಗೋಡನ್ನು ಈಗ ಯಾವ ರೈತನೂ ಮುಟ್ಟುವುದಿಲ್ಲ. ಅದರಲ್ಲಿ ಪ್ಲಾಸ್ಟಿಕ್ಕೂ ಗಾಜಿನ ಚೂರೂ ಸೂಜಿಗಳೂ ಇರುವುವು.

ಮೊದಲ ಮಳೆಯ ವಿಚಾರವಾಗಿ ಒಂದು ಮಾತು. ಬೇಸಗೆಯ ತಿಂಗಳುಗಳಲ್ಲಿ ಡಾಮರು ರಸ್ತೆಯ ಮೇಲೆ ಕೂತ ಧೂಳು, ಬಂಡಿಗಳ ಎಣ್ಣೆ, ಗಾಲಿಗಳ ರಬ್ಬರಿನ ಪುಡಿ, ದನ ನಾಯಿಗಳ ಹೇಸಿಗೆ ಇವೆಲ್ಲವನ್ನೂ ಮೊದಲ ಅರ್ಧ ಅಂಗುಲದ ಮಳೆಯೇ ತೊಳೆದೊಯ್ಯುವುದು. ಆದುದರಿಂದ ಅಷ್ಟನ್ನು ಹೊಂಡದ ಹೊರಗೇ ಒಂದು ಗುಂಡಿಯಲ್ಲಿ ತಡೆದು, ಕಸ ಹಿಡಿಯಲು ಕಬ್ಬಿಣದ ಜಾಲರಿಯನ್ನಿಟ್ಟು, ಅನಂತರದ ನೀರನ್ನು ಒಳಕ್ಕೆ ಬಿಟ್ಟರೆ ಅರ್ಧ ಕೆಲಸವಾದಂತೆಯೇ. ಇನ್ನು ಬೀದಿಯಲ್ಲಿ ಬರಿಯ ಮಣ್ಣನ್ನು ಉಳಿಸುವುದು. ಮರಗಿಡಗಳಿರುವ ಮಣ್ಣಿನ ನೆಲದಿಂದ ಸಾಧಾರಣ ಮಳೆಯ ಹತ್ತರಲ್ಲಿ ಎರಡು ಮೂರು ಪಾಲು ಹರಿದುಹೋದರೆ, ಮಾಳಿಗೆಯಿಂದಲೂ ಸಿಮೆಂಟಿನ ಅಂಗಳದಿಂದಲೂ ಎಂಟು ಒಂಬತ್ತು ಪಾಲು ಹರಿದುಹೋಗುವುದು. ಮನೆಯ ಮುಂದೆ ರಂಗವಲ್ಲಿಗೆ ಎಷ್ಟು ಬೇಕೋ ಅಷ್ಟನ್ನು ಬಿಟ್ಟು ಉಳಿದ ಅಂಗಳಕ್ಕೆ ಸಿಮೆಂಟು ಬಳಿಯದಿದ್ದರೆ ಮನೆಗೆ ಏನು ಕುಂದು ಬರುವುದೋ ನಾನರಿಯೆ. ಚರಂಡಿಯ ಹೂಳನ್ನು ಭರಣಿ ಮಳೆಗೆ ಮುಂಚೆ ತೆಗೆಯಬೇಕು. ತೆಗೆದುದನ್ನು ಅಂದೇ ಸಾಗಿಸಬೇಕು. ಅನೇಕ ಊರುಗಳಲ್ಲಿ ಅದನ್ನು ಚರಂಡಿಯ ದಡದ ಮೇಲೆಯೇ ರಾಶಿ ಹಾಕುವರು. ಮಳೆ ಬಂದು ಅದನ್ನು ಮತ್ತೆ ಒಳಕ್ಕೆ ತಳ್ಳುವುದು, ಬಿಲ್ಲು ಎರಡು ಸಲ ಆಗುವುದು.

ಗಣಪತಿಯ ವಿಸರ್ಜನೆಯೂ ಮಳೆಗಾಲದಲ್ಲಿಯೇ ಬರುವುದು. ಮಣ್ಣಿನ ಮೂರ್ತಿಯು ಕರಗಿ ಮಣ್ಣಾಗುವುದು. ಸುಣ್ಣದ ಗಾರೆಯಂಥ ಪ್ಲಾಸ್ಟರಿನ ಮೂರ್ತಿಯು ಕರಗದು, ಅದರ ಬಣ್ಣವು ವಿಷ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು 2010ರಲ್ಲಿ ಈ ಕುರಿತು ನಿರ್ದೇಶಗಳನ್ನು ಹೊರಡಿಸಿ 2020ರಲ್ಲಿ ಬಿಗಿಗೊಳಿಸಿತು. ಜಲಮಾಲಿನ್ಯವನ್ನು ತಡೆಯುವ ಕಾನೂನು 1974ರಿಂದಲೂ ಇದೆ. ಕಾನೂನಿಗೆ ಕೊರತೆಯಿಲ್ಲ, ಇದರಲ್ಲಿ ಹೆಚ್ಚು ಹೇಳತಕ್ಕುದೂ ಇಲ್ಲ.

ನಾನು ಹೇಳಬೇಕೆಂದು ಬಂದ ಮುಖ್ಯ ವಿಚಾರವು ಬೇರೆ. ನೀರು ತಗ್ಗಿಗೆ ಹರಿಯುವುದು. ತಗ್ಗಿನಲ್ಲಿ ಯಾರು ಇರುವರು? ನಾನು ಕೆಲಸಮಾಡಿದ ಯಾವ ಊರಿನಲ್ಲಿಯೂ ಉಳ್ಳವರ ಮನೆಗಳು ಹಳ್ಳದ ತಗ್ಗಿನಲ್ಲಿರಲಿಲ್ಲ. ಅಲ್ಲಿ ನಲ್ಲಿಯ ಕೊಳವೆಯೂ ಚರಂಡಿಯೂ ಒಂದೇ ಓಣಿಯಲ್ಲಿ ಒಂದರ ಮೇಲೊಂದು ಹೋಗುತ್ತವೆ. ನೀರು ಮೂರು ನಾಲ್ಕು ದಿನಕ್ಕೊಮ್ಮೆ ಬರುವುದರಿಂದ ನಡುವಣ ಹೊತ್ತಿನಲ್ಲಿ ಕೊಳವೆಯು ಬರಿದಾಗಿರುವುದು. ಬರಿದಾದ ಕೊಳವೆಯು ತನ್ನ ಬಿರುಕುಗಳಿಂದ ಹೊರಗಿನ ಕೊಚ್ಚೆಯನ್ನು ಒಳಕ್ಕೆ ಹೀರುವುದು. ಮುಂದಿನ ಸಲ ನೀರು ಬಿಟ್ಟಾಗ ಮೊದಲ ಬಿಂದಿಗೆಯಲ್ಲಿ ಅದೇ ಬರುವುದು. 2023ನೆಯ ಇಸವಿಯ ಆಗಸ್ಟ್ ತಿಂಗಳ ಮೊದಲಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯ ದಲಿತರ ಕೇರಿಯಲ್ಲಿ ಕಲುಷಿತವಾದ ಕುಡಿಯುವ ನೀರಿನಿಂದ ಬಹುಮಂದಿ ವಾಂತಿಭೇದಿಯಿಂದ ನರಳಿ, ಕೆಲವರು ಪ್ರಾಣವನ್ನೇ ಬಿಟ್ಟರು. ಅಲ್ಲಿ ನೀರು ಕೆಟ್ಟ ಬಗೆಯನ್ನು ವಿಚಾರಿಸುವ ಅಧಿಕಾರವು ನನ್ನದಲ್ಲ. ಸಿಹಿನೀರು ಹೊಂಡವನ್ನು ಕಟ್ಟಿದ ಪಟ್ಟಣದಲ್ಲಿ ಕುಡಿಯುವ ನೀರಿನಿಂದಲೇ ಜನ ಸತ್ತರೆಂಬುದನ್ನು ಮಾತ್ರ ನಿಮ್ಮ ಮುಂದೆ ಇಡುತ್ತೇನೆ.

ಚರಂಡಿಯು ಕಟ್ಟಿಕೊಂಡಾಗ ಅದರೊಳಗೆ ಇಳಿಯುವವರೂ ಆ ಕೇರಿಗಳವರೇ. ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯನನ್ನು ಮಲದ ಗುಂಡಿಗೆ ಇಳಿಸಬಾರದೆಂದು 2013ರ ಕಾನೂನು ಸ್ಪಷ್ಟವಾಗಿ ಹೇಳುವುದು. ಆ ಮೇಲೆಯೂ ವಿಷವಾಯುವಿನಿಂದ ಸತ್ತವರುಂಟು. ನಾವು ಮಡಿವಾಳ ಮಾಚಿದೇವರ ಹೆಸರನ್ನು ಹೇಳುವ ಜನ. ಊರಿನ ಕೊಳೆಯನ್ನು ತೊಳೆಯುವುದನ್ನು ಕಾಯಕವೆಂದು ಎತ್ತಿಹಿಡಿದ ಪರಂಪರೆ ನಮ್ಮದು. ಹಾಗಿರುವಾಗ ಆ ಕಾಯಕವನ್ನು ಮಾಡುವವನ ಕೈಗೆ ಯಂತ್ರವನ್ನು ಕೊಡಿಸದೆ, ಅವನು ಅಂಗಳಕ್ಕೆ ಬಂದರೆ ನೀರನ್ನು ಮೇಲಿನಿಂದ ಹೊಯ್ಯುವ ಮನೆಗಳು ನಮ್ಮಲ್ಲಿ ಇನ್ನೂ ಇರುವುದನ್ನು ಕಂಡು ನಾಚಿದ್ದೇನೆ. ಸನ್ನಿಧಿಯ ಎದುರಿನಲ್ಲಿ ಇದನ್ನು ಮರೆಮಾಚಲಾರೆನು.

ಪಾದೋದಕವನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸುವವರು ನಾವು. ಇದೇ ಮಠದ ಜಾತ್ರೆಯ ಮರುದಿನ ಬೆಳಗ್ಗೆ ಹಿಂದಿನ ಹಳ್ಳದ ಕಡೆಗೆ ಹೋಗಿ ನೋಡಿದವರು ಎಷ್ಟು ಜನ? ನಾನು ನಿನ್ನೆ ಹೋಗಿದ್ದೆನು. ದಾಸೋಹದ ಎಲೆಗಳು, ಕಾಗದದ ಲೋಟಗಳು, ಅನ್ನದ ಗಂಜಿ, ಪಾತ್ರೆ ತೊಳೆದ ನೀರು ಇವೆಲ್ಲವೂ ಹಳ್ಳಕ್ಕೆ ಇಳಿದಿದ್ದುವು. ಕೆಳಗೆ ಅರ್ಧ ಮೈಲಿಯಲ್ಲಿ ದನಗಳು ಆ ನೀರನ್ನೇ ಕುಡಿಯುತ್ತಿದ್ದುವು. ಪ್ರಸಾದವನ್ನು ಚೆಲ್ಲಬಾರದೆಂದು ನಮಗೆ ಬಾಲ್ಯದಿಂದ ಹೇಳಿಕೊಟ್ಟಿರುವರು; ಚೆಲ್ಲಿದುದು ಎಲ್ಲಿಗೆ ಹೋಗುವುದೆಂದು ಯಾರೂ ಹೇಳಿಕೊಡಲಿಲ್ಲ.

ಆದುದರಿಂದ ಸನ್ನಿಧಿಯಲ್ಲಿ ಎರಡು ಬಿನ್ನಹಗಳನ್ನು ಮಾಡಿಕೊಳ್ಳುತ್ತೇನೆ. ವಿದ್ಯಾರ್ಥಿಗಳ ಪ್ರಸಾದನಿಲಯದ ಮಾಳಿಗೆಯನ್ನು ಅಳೆದು ನೋಡಿದೆನು. ನೂರು ಅಡಿ ಉದ್ದ, ಅರುವತ್ತು ಅಡಿ ಅಗಲ. ಅದರ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 14,000 ಲೀಟರು. ವರ್ಷದ ಮಳೆಯಲ್ಲಿ ನಷ್ಟವನ್ನು ಕಳೆದರೂ ಎರಡೂವರೆ ಲಕ್ಷ ಲೀಟರಿಗೆ ಕಡಿಮೆಯಾಗದು. ಈಗ ಅದೆಲ್ಲವೂ ಪಾಕಶಾಲೆಯ ಮೋರಿಗೆ ಬೀಳುತ್ತಿದೆ. ಮೊದಲ ಮಳೆಯನ್ನು ಹೊರಕ್ಕೆ ಬಿಡುವ ಒಂದು ತಿರುಗಣೆ, ಮರಳು ಇದ್ದಲುಗಳ ಒಂದು ಸೋಸುತೊಟ್ಟಿ, ನೆಲದೊಳಗೆ ಒಂದು ಹಗೇವಿನಂಥ ತೊಟ್ಟಿ ಇಷ್ಟಾದರೆ ಮಕ್ಕಳಿಗೆ ಫ್ಲೋರೈಡಿಲ್ಲದ ನೀರು ದೊರೆಯುವುದು. ಕುಡಿಯುವುದಕ್ಕೆ ಕಾಯಿಸಿಕೊಂಡರೆ ಸಾಕು. ಮಹೋತ್ಸವದ ಕಾಣಿಕೆಯಲ್ಲಿ ಒಂದು ಪಾಲನ್ನು ಇದಕ್ಕೆ ಮೀಸಲಿಡಬೇಕೆಂಬುದು ಮೊದಲನೆಯ ಬಿನ್ನಹ.

ಎರಡನೆಯದಕ್ಕೆ ಹಣ ಬೇಡ. ಪಾಕಶಾಲೆಯ ಮೋರಿಯನ್ನು ಹಳ್ಳದಿಂದ ತಪ್ಪಿಸಿ ಮಠದ ಬಾಳೆಯ ತೋಟದ ಕಡೆಗೆ ತಿರುಗಿಸಬೇಕು. ನಡುವೆ ಜಿಡ್ಡು ನಿಲ್ಲುವ ಒಂದು ಗುಂಡಿ ಬೇಕು. ಎಲೆಗಳಿಗೆ ತಿಪ್ಪೆಯ ಗುಂಡಿಯಾಗಬೇಕು. ಅಗೆಯತಕ್ಕ ದೂರವು ಎಪ್ಪತ್ತು ಎಂಬತ್ತು ಅಡಿಗಿಂತ ಹೆಚ್ಚಿಲ್ಲ. ಸನಿಕೆ ಗುದ್ದಲಿಗಳು ಉಗ್ರಾಣದಲ್ಲಿ ಇವೆಯೆಂದು ಉಗ್ರಾಣದವರು ತಿಳಿಸಿರುವರು. ನಾಳೆ ಬೆಳಗ್ಗೆ ಲಿಂಗಪೂಜೆಯಾದ ಮೇಲೆ, ಏಳು ಗಂಟೆಗೆ, ನಾನು ಪಾಕಶಾಲೆಯ ಹಿಂದಿನ ಬಾಗಿಲಲ್ಲಿ ಗೂಟವನ್ನೂ ಹಗ್ಗವನ್ನೂ ಹಿಡಿದು ನಿಂತಿರುವೆನು. ಬರತಕ್ಕವರು ಬರಬೇಕೆಂದು ಬೇಡಿಕೊಳ್ಳುತ್ತೇನೆ.